ಕಿರೀಟ ಕಂಡದ್ದೆಲ್ಲ ಸ್ವೀಡನ್ ಕೋವಿ ಅಲ್ಲ

ಹೋದ ಸಂಚಿಕೆಯಲ್ಲಿ ಸ್ವೀಡನ್ ಸೇನೆಯ ಹಳೇ ಮೌಸರ್ ರೈಫಲ್ ಬಗ್ಗೆ ಸಣ್ಣ ಟಿಪ್ಪಣಿ ಬರೆದಿದ್ದೆ. ನಮ್ಮ ಕಡೆ ಇದನ್ನೆಲ್ಲ ಯಾರು ಓದುತ್ತಾರೆ ಅಂದುಕೊಂಡಿದ್ದರೆ, ಪತ್ರಗಳು ಬಂದು ಬಿದ್ದಿವೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ. ಮನೆಯಲ್ಲಿ ಕೋವಿ ಇದೆ ಅಂತ ಪತ್ರಿಕೆಯಲ್ಲಿ ಸಾರಿಕೊಳ್ಳುವುದು ಬುದ್ಧಿವಂತರ ಕೆಲಸ ಅಲ್ಲ. ಹೊಸ ಓದುಗರಿಗೆ ಒಂದು ಮಾತು: ನಾನು ಸೇನೆಯ ವರ್ಕ್‌ಶಾಪಿನಲ್ಲಿ ಆರ್ಮರರ್, ಅಂದರೆ ಆಯುಧ ಪರೀಕ್ಷಿಸಿ ರಿಪೇರಿ ಮಾಡುವವನು, ಆಗಿದ್ದವನು. ಈಗ ತೀರ್ಥಹಳ್ಳಿ ಹತ್ತಿರ ತೋಟ ನೋಡಿಕೊಂಡಿದ್ದೇನೆ. ವಕೀಲನಲ್ಲ.

ಅಜ್ಜನ ಕಾಲದ ಕೋವಿಯೊಂದು ನಮ್ಮಲ್ಲಿದೆ. ಅದರ ಮೇಲೆ ಕಿರೀಟದ ಗುರುತಿದೆ. ನೀವು ಬರೆದ ಸ್ವೀಡನ್ ರೈಫಲ್ ಇದೇ ಇರಬೇಕು. ಒಬ್ಬರು ಒಳ್ಳೇ ಬೆಲೆ ಕೊಡ್ತೀನಿ ಅಂತಲೂ ಬಂದಿದ್ದಾರೆ. ಫೋಟೊ ಕಳಿಸಿದ್ದೇನೆ, ನೋಡಿ ಹೇಳಿ. – ಕೊಪ್ಪ

ಫೋಟೊ ಚೆನ್ನಾಗಿ ತೆಗೆದಿದ್ದೀರಿ. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಇದು ಸ್ವೀಡನ್ನಿನದ್ದಲ್ಲ. ಕುದುರೆಯ (ಟ್ರಿಗರ್) ಹಿಂದೆ, ಹಿಡಿಯ ಕೆಳಗೆ ಉದ್ದನೆಯ ಸನ್ನೆ (ಲಿವರ್) ಇದೆಯಲ್ಲ, ಅದನ್ನು ಕೆಳಕ್ಕೆ ಒತ್ತಿದರೆ ಮೇಲಿನ ಉಕ್ಕಿನ ಅಚ್ಚು ತಗ್ಗಿ ತೋಟಾ ಹಾಕಲು ಜಾಗ ಬಿಡುತ್ತದೆ. ಇದು ಮಾರ್ಟಿನಿ-ಹೆನ್ರಿ. ಬ್ರಿಟಿಷ್ ಸೇನೆ 1871ರಲ್ಲಿ ತೆಗೆದುಕೊಂಡ ರೈಫಲ್. ಕಿರೀಟದ ಕೆಳಗೆ ‘ವಿ.ಆರ್.’ ಅಂತ ಕೆತ್ತಿದೆ. ಅದು ವಿಕ್ಟೋರಿಯಾ ರಾಣಿ. ಅದರ ಕೆಳಗೆ ‘ಎನ್‌ಫೀಲ್ಡ್’, 1874. ನಿಮ್ಮ ಮೂರನೇ ಫೋಟೊ ಇನ್ನೂ ಚೆನ್ನಾಗಿದೆ. ಅದರಲ್ಲಿ ಎರಡು ಸಣ್ಣ ಬಾಣದ ಗುರುತು ಮೊನೆಗೆ ಮೊನೆ ತಾಗಿಸಿಕೊಂಡಿವೆ. ಒಂದೇ ಬಾಣ ಇದ್ದರೆ ಅದು ಸರ್ಕಾರದ ಸೊತ್ತು. ಹೀಗೆ ಎರಡು ಎದುರಾದರೆ, ಸೇನೆ ಅದನ್ನು ಮಾರಿ ಕೈ ತೊಳೆದುಕೊಂಡಿದೆ ಅಂತ ಅರ್ಥ. ಅಂದರೆ ನಿಮ್ಮಜ್ಜ ಕದ್ದ ಮಾಲು ತಂದಿಲ್ಲ, ನಿಶ್ಚಿಂತೆಯಿಂದಿರಿ.

ಸ್ವೀಡನ್ ಮೌಸರ್‌ಗೆ ಇಂಥ ಸನ್ನೆ ಇಲ್ಲ. ಬಲಗಡೆ ಗೂಟದ ಹಾಗೆ ನೇರಕ್ಕೆ ಚಾಚಿದ ಬೋಲ್ಟ್ ಹಿಡಿ ಇರುತ್ತದೆ. ಬೋಲ್ಟ್ ಅಂದರೆ ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಉಕ್ಕಿನ ಭಾಗ. ಬೋಲ್ಟ್ ಓಡಾಡುವ ಉಕ್ಕಿನ ಮನೆಗೆ ರಿಸೀವರ್ ಅನ್ನುತ್ತೇವೆ. ಅದರ ನೆತ್ತಿಯ ಮೇಲೆ ಕಾರ್ಖಾನೆಯ ಹೆಸರು, ಕೆಳಗೆ ಇಸವಿ. ಹೆಚ್ಚಿನವು ಎಸ್ಕಿಲ್‌ಸ್ಟೂನಾ ಊರಿನ ಕಾರ್ಲ್ ಗುಸ್ತಾಫ್ ಸರ್ಕಾರಿ ಕಾರ್ಖಾನೆಯವು. ಅವಕ್ಕೂ ಕಿರೀಟ ಉಂಟು, ಆದರೆ ಅದರ ಕೆಳಗೆ ‘ಸಿ’ ಅಕ್ಷರ. ಕೆಲವು ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ ಮೌಸರ್ ಕಂಪನಿಯೇ ಮಾಡಿಕೊಟ್ಟದ್ದು. ಇನ್ನು ಕೆಲವು ಸ್ವೀಡನ್ನಿನದೇ ಹಸ್ಕ್‌ವರ್ನ ಕಂಪನಿಯವು.

ಬೆಲೆ ಕೊಡ್ತೀನಿ ಅಂದವರ ಹತ್ತಿರ ಮೊದಲು ಅವರ ಲೈಸೆನ್ಸ್ ಕೇಳಿ. ಲೈಸೆನ್ಸ್ ಇದ್ದರೂ, ಕೊಡುವ ಮುಂಚೆ ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಬೇಕು. ಸಂತೆಯಲ್ಲಿ ಎಮ್ಮೆ ಮಾರಿದ ಹಾಗೆ ಕೈ ಮೇಲೆ ಬಟ್ಟೆ ಹಾಕಿ ವ್ಯಾಪಾರ ಮುಗಿಸುವ ವಸ್ತು ಅಲ್ಲ ಇದು.

ನೂರು ವರ್ಷ ದಾಟಿದ ಕೋವಿ ‘ಆಂಟಿಕ್’ ಆಗುತ್ತದೆ, ಅದಕ್ಕೆ ಲೈಸೆನ್ಸ್ ಬೇಡ ಅನ್ನುತ್ತಾರೆ. ಹೌದೇ? – ಶೃಂಗೇರಿ

ಅಲ್ಲ. ಈ ಮಾತು ಯಾರು ಹಬ್ಬಿಸಿದರೋ ಗೊತ್ತಿಲ್ಲ, ಪ್ರತಿ ವರ್ಷ ಕೇಳುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೇ ಕಾಲದ ಆಯುಧಕ್ಕೆ ವಿನಾಯಿತಿ ಕೊಡುವುದು ನಿಜ. ಆದರೆ ಷರತ್ತು ಇದೆ. ರಿಪೇರಿ ಮಾಡಿದರೂ ಅದರಿಂದ ಗುಂಡು ಹಾರಬಾರದು. 1900ರ ಸ್ವೀಡನ್ ರೈಫಲ್ ಇವತ್ತೂ ಚೆನ್ನಾಗಿ ಹಾರುತ್ತದೆ. ಹಾಗಾಗಿ ಅದಕ್ಕೆ ವಯಸ್ಸಿನ ರಿಯಾಯಿತಿ ಇಲ್ಲ. ಇನ್ನೊಂದು ವಿಷಯ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಲೈಸೆನ್ಸಿಗೆ ಎರಡೇ ಬಂದೂಕು. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರಲ್ಲೇ ಸೇರಬೇಕು. ‘ಕೊಡಗಿನವರಿಗೆ ಇಲ್ಲದ ರಗಳೆ ನಮಗ್ಯಾಕೆ’ ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಅವರಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಡುವ ಕೇಂದ್ರ ಸರ್ಕಾರದ ಪ್ರತ್ಯೇಕ ಅಧಿಸೂಚನೆ ಇದೆ. ನಮಗಿಲ್ಲ. ಚುನಾವಣೆ ಬಂತು ಅಂದರೆ ಮಂಗ ತೋಟಕ್ಕೆ ನುಗ್ಗಿದರೂ ಕೋವಿ ಠಾಣೆಯಲ್ಲೇ ಇರುತ್ತದೆ. ಆ ಸಿಟ್ಟು ನನಗೂ ಇದೆ.

ನಮ್ಮ ತೋಟದ ಕಳೆ ಕೊಚ್ಚುವ ಮಷಿನ್ ಹಸ್ಕ್‌ವರ್ನ ಕಂಪನಿಯದ್ದು. ಇದೇ ಕಂಪನಿ ಬಂದೂಕು ಮಾಡುತ್ತಿತ್ತು ಅಂತ ಮಗ ಹೇಳುತ್ತಾನೆ. ಸುಮ್ನೆ ಹೇಳ್ತಿದಾನಾ? – ಸಾಗರ

ಮಗ ಹೇಳಿದ್ದು ಸರಿ. ಹಸ್ಕ್‌ವರ್ನ ಶುರುವಾದದ್ದೇ 1689ರಲ್ಲಿ, ಸ್ವೀಡನ್ ರಾಜನ ಸೇನೆಗೆ ಮಸ್ಕೆಟ್ ಬಂದೂಕು ಮಾಡಲು. ಊರಿನ ಜಲಪಾತದ ನೀರಿನಿಂದ ಚಕ್ರ ತಿರುಗಿಸಿ ನಳಿಗೆ ಕೊರೆಯುತ್ತಿದ್ದರು. ಬಂದೂಕಿನ ಬೇಡಿಕೆ ಇಳಿದಾಗಲೆಲ್ಲ ಅದೇ ಕೈಗಳು, ಅದೇ ಉಕ್ಕು ಬೇರೆ ದಾರಿ ಹಿಡಿದವು. 1872ರಲ್ಲಿ ಹೊಲಿಗೆ ಯಂತ್ರ, 1903ರಲ್ಲಿ ಮೋಟರ್‌ಸೈಕಲ್, 1959ರಲ್ಲಿ ಮರ ಕೊಯ್ಯುವ ಚೈನ್ ಗರಗಸ. ಮಗಳು ಗೋಥೆನ್‌ಬರ್ಗ್‌ನಲ್ಲಿದ್ದಾಗ ಅವರ ಮ್ಯೂಸಿಯಂಗೆ ಹೋಗಿದ್ದೆ. ಒಂದೇ ಸೂರಿನಡಿ ರೈಫಲ್, ಹೊಲಿಗೆ ಯಂತ್ರ, ಗರಗಸ. ಮಗಳಿಗೆ ಹೊಲಿಗೆ ಯಂತ್ರ ನೋಡಿ ಮುಗಿಯಲಿಲ್ಲ, ನನಗೆ ರೈಫಲ್ ನೋಡಿ ಮುಗಿಯಲಿಲ್ಲ. ಹೊರಗೆ ಬರುವಾಗ ಹೊಟ್ಟೆ ಹಸಿದಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಸ್ವೀಡನ್‌ಗೆ ತುರ್ತಾಗಿ ರೈಫಲ್ ಬೇಕಾಯಿತು. ಆಗ ಎಂ/38 ಅನ್ನುವ ಗಿಡ್ಡ ಮಾದರಿಯನ್ನು ಹಸ್ಕ್‌ವರ್ನ ಮಾಡಿಕೊಟ್ಟಿತು. ಇವತ್ತು ಸಂಜೆ ನಿಮ್ಮ ಮಷಿನ್ ತೊಳೆದ ಮೇಲೆ ಅದರ ಲಾಂಛನ ನೋಡಿ. ಕಿರೀಟದ ಹಾಗೆ ಕಾಣುತ್ತದೆ, ಅಲ್ವಾ? ಅದು ಬಂದೂಕಿನ ನಳಿಗೆ ಮತ್ತು ಗುರಿಕಣ್ಣು, ಎದುರಿನಿಂದ ನೋಡಿದಾಗ ಕಾಣುವ ಹಾಗೆ.

ಬ್ರಿಟಿಷರ ರೈಫಲ್‌ಗಳ ಕಥೆಯೇ ನಮ್ಮ ದೇಶದಲ್ಲಿ ಬೇಕಾದಷ್ಟಿದೆ. ಸಂಗ್ರಹಕಾರರು ಸ್ವೀಡನ್ನಿನದ್ದಕ್ಕೆ ಯಾಕೆ ಬೀಳುತ್ತಾರೆ? ನಿಮಗೂ ಯಾಕೆ ಈ ಹುಚ್ಚು? – ಶಿವಮೊಗ್ಗ

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಸೇನೆಯಲ್ಲಿ ನನ್ನ ಮೇಜಿಗೆ ಬರುತ್ತಿದ್ದ 84 ಎಂಎಂ ಲಾಂಚರ್‌ನ ಹೆಸರು ಕಾರ್ಲ್ ಗುಸ್ತಾಫ್. ಹೆಗಲ ಮೇಲಿಟ್ಟು ಹೊಡೆಯುವಂಥದ್ದು, ನಾವು ಆರ್‌ಎಲ್ ಅನ್ನುತ್ತಿದ್ದೆವು. ಯಾರೋ ಜನರಲ್ ಇರಬೇಕು ಅಂದುಕೊಂಡಿದ್ದೆ. ಅದು ಎಸ್ಕಿಲ್‌ಸ್ಟೂನಾದ ಆ ಕಾರ್ಖಾನೆಯ ಹೆಸರು ಅಂತ ಆಮೇಲೆ ತಿಳಿಯಿತು. ಕಾರ್ಖಾನೆಗೆ ಹೆಸರು ಬಂದದ್ದು 17ನೇ ಶತಮಾನದ ಒಬ್ಬ ರಾಜನಿಂದ. ಕಾರ್ಗಿಲ್‌ನಲ್ಲಿ ಗುಡುಗಿದ ಬೋಫೋರ್ಸ್ ಕೂಡ ಸ್ವೀಡನ್ನಿನದ್ದೇ. ಒಂದು ಸಣ್ಣ ದೇಶ ಇಷ್ಟೆಲ್ಲ ಹೇಗೆ ಮಾಡಿತು ಅಂತ ಕುತೂಹಲ ಹುಟ್ಟಿತು, ಅಷ್ಟೆ.

ಇನ್ನು ಸಂಗ್ರಹಕಾರರ ವಿಷಯ. ಸ್ವೀಡನ್ ಕೊನೆಗೆ ಯುದ್ಧ ಮಾಡಿದ್ದು 1814ರಲ್ಲಿ. ಹಾಗಾಗಿ ಈ ರೈಫಲ್‌ಗಳಲ್ಲಿ ಹೆಚ್ಚಿನವು ಕಂದಕದ ಕೆಸರು ಕಂಡಿಲ್ಲ. ಗೋದಾಮಿನಲ್ಲಿ ಎಣ್ಣೆ ಕುಡಿದು ಮಲಗಿದ್ದವು. ಒಂದಷ್ಟು ಮಾತ್ರ 1939-40ರಲ್ಲಿ ಫಿನ್ಲೆಂಡ್‌ಗೆ ಹೋಗಿ, ರಷ್ಯನ್ನರ ಎದುರು ಕೆಲಸ ಮಾಡಿವೆ. ಅವುಗಳ ಮೇಲೆ ಚೌಕದೊಳಗೆ ‘ಎಸ್‌ಎ’ ಅನ್ನುವ ಫಿನ್ಲೆಂಡ್ ಸೇನೆಯ ಮುದ್ರೆ ಇರುತ್ತದೆ. ಅಂಥದ್ದು ಸಿಕ್ಕರೆ ಸಂಗ್ರಹಕಾರರಿಗೆ ಹಬ್ಬ.

ನನಗೆ ಹಿಡಿಸುವುದು ಬೇರೆ. ಸ್ವೀಡನ್ನಿನವರು ತಮ್ಮ ರೈಫಲ್ ಮೇಲೆ ಎಲ್ಲವನ್ನೂ ಬರೆದಿಟ್ಟಿದ್ದಾರೆ. ರಿಸೀವರ್ ಮೇಲೆ ಪೂರ್ತಿ ನಂಬರ್. ಅದರ ಕೊನೆಯ ಮೂರು ಅಂಕಿ ಬೋಲ್ಟ್, ಸುರಕ್ಷೆ ಕೀಲಿ, ಗುರಿಪಟ್ಟಿ, ನಳಿಗೆಯ ಬಳೆ, ತಳದ ತಗಡು, ಎಲ್ಲದರ ಮೇಲೂ. ಹೆಗಲಿಗೆ ಒತ್ತುವ ಮರದ ಹಿಡಿಯ ತಳದ ಉಕ್ಕಿನ ತಗಡಿನ ಮೇಲೆ ರೆಜಿಮೆಂಟ್ ಗುರುತು. ‘ಐ 12’ ಅಂದರೆ ಯೋನ್‌ಶೋಪಿಂಗ್ ಪದಾತಿ ರೆಜಿಮೆಂಟ್. ರೈಫಲ್ ಬೇರೆ ದಳಕ್ಕೆ ಹೋದರೆ ಹಳೇ ಗುರುತಿಗೆ ಗೀಟು ಹೊಡೆದು ಹೊಸದನ್ನು ಕುಟ್ಟಿದ್ದಾರೆ. ನಮ್ಮ ವರ್ಕ್‌ಶಾಪಿನಲ್ಲಿ ರಿಜಿಸ್ಟರ್‌ಗಳಿಗೇ ಒಂದು ಕೋಣೆ ಇತ್ತು. ಇಲ್ಲಿ ರೈಫಲ್ಲೇ ರಿಜಿಸ್ಟರ್.

ಮಗ ಗೋಥೆನ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಶೂಟಿಂಗ್ ಕ್ಲಬ್ ಸೇರಿ, ಈಗ ಎಂ/96 ರೈಫಲ್ ಕೊಳ್ಳುತ್ತೇನೆ ಅನ್ನುತ್ತಾನೆ. ಏನು ನೋಡಿ ಕೊಳ್ಳಬೇಕು? ಊರಿಗೆ ತರಬಹುದೇ? ತಾಯಿಯಾಗಿ ನನಗೆ ಇದು ಇಷ್ಟವಿಲ್ಲ ಅಂತಲೂ ಬರೆಯಿರಿ. – ಹೊಸನಗರ

ಬರೆದಿದ್ದೇನೆ ಅಮ್ಮ.

ಎಂ/96 ಅಂದರೆ ನಾನು ಬರೆಯುತ್ತಿರುವ ಸ್ವೀಡನ್ ಮೌಸರ್‌ನ 1896ರ ಉದ್ದ ಮಾದರಿ. ಅಲ್ಲಿಯೂ ಲೈಸೆನ್ಸ್ ಬೇಕು. 1890ಕ್ಕೆ ಮೊದಲು ಮಾಡಿದ, ಮದ್ದು, ಗುಂಡು, ಕೇಪು ಒಂದರಲ್ಲೇ ಇರುವ ಇಡೀ ತೋಟಾ ಹಾಕುವಂಥದ್ದಲ್ಲದ ಬಂದೂಕಿಗೆ ಮಾತ್ರ ಸ್ವೀಡನ್ ಕಾನೂನು ಲೈಸೆನ್ಸ್ ಕೇಳುವುದಿಲ್ಲ. ನಮ್ಮ ಕೇಪಿನ ಕೋವಿಯಂಥದ್ದು. ಎಂ/96 ಆ ಗುಂಪಿಗೆ ಸೇರುವುದಿಲ್ಲ. ಕ್ಲಬ್ಬಿನವರು ಅವನಿಗೆ ದಾರಿ ಹೇಳುತ್ತಾರೆ.

ಏನು ನೋಡಬೇಕು? ಮೊದಲು ನಂಬರ್ ತಾಳೆಯಾಗಬೇಕು. ಎಲ್ಲ ತಾಳೆಯಾಗಿ ಬೋಲ್ಟ್ ಒಂದು ಬೇರೆ ನಂಬರಿನದ್ದಾದರೆ, ಅದನ್ನು ಯಾರೋ ಯಾವುದೋ ಕಾಲದಲ್ಲಿ ಬದಲಿಸಿದ್ದಾರೆ. ಹೊಡೆಯುವ ಮುಂಚೆ ಆರ್ಮರರ್ ಒಬ್ಬರು ಅಳತೆಯ ಗೇಜ್ ಹಾಕಿ ನೋಡಲೇಬೇಕು.

ಆಮೇಲೆ ಹಿತ್ತಾಳೆ ಬಿಲ್ಲೆ. ಮರದ ಹಿಡಿಯ ಬಲಮಗ್ಗುಲಿಗೆ ನಮ್ಮ ಹಳೇ ರೂಪಾಯಿಗಿಂತ ದೊಡ್ಡದಾದ ಗುಂಡನೆಯ ಬಿಲ್ಲೆಯನ್ನು ತಿರುಪು ಹಾಕಿ ಕೂರಿಸಿರುತ್ತಾರೆ. ಅದು ಮೂರು ಭಾಗ. ಒಂದರಲ್ಲಿ 1, 2, 3 ಅಂತ ಅಂಕಿ. ನಳಿಗೆಯೊಳಗೆ ಎಷ್ಟು ತುಕ್ಕು, ಎಷ್ಟು ಸವಕಲು ಅಂತ ಸೇನೆಯ ಆರ್ಮರರ್ ನೋಡಿ, ಸರಿಯಾದ ಅಂಕಿಯ ಹತ್ತಿರ ಸಣ್ಣ ತ್ರಿಕೋನ ಕುಟ್ಟುತ್ತಿದ್ದ. 1 ಅಂದರೆ ಒಳ್ಳೆಯದು, 3 ಅಂದರೆ ಸಾಕಷ್ಟು ಕಂಡಿದೆ, ಆದರೂ ಕೆಲಸಕ್ಕೆ ಬರುತ್ತದೆ. ಇನ್ನೊಂದು ಭಾಗದಲ್ಲಿ ನಳಿಗೆಯ ಒಳಗಿನ ವ್ಯಾಸ, ಮಿಲಿಮೀಟರಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ. ಮೂರನೇ ಭಾಗ ಗುರಿಗೆ ಸಂಬಂಧಿಸಿದ್ದು. ಮೊದಲು ಇದಕ್ಕೆ ಮೊಂಡು ಮೂತಿಯ ಭಾರದ ಗುಂಡು ಇತ್ತು. 1941ರಲ್ಲಿ ಚೂಪು ಮೂತಿಯ ಹಗುರ ಗುಂಡು ಬಂತು. ಹಳೇ ಗುರಿಪಟ್ಟಿ ಇಟ್ಟುಕೊಂಡು ಹೊಸ ಗುಂಡು ಹೊಡೆದರೆ ಎಲ್ಲಿಗೆ ಗುರಿ ಹಿಡಿಯಬೇಕು ಅಂತ ಅಲ್ಲಿ ಬರೆದಿರುತ್ತದೆ. ಈ ಬಿಲ್ಲೆ ನೋಡಿದಾಗೆಲ್ಲ ಆ ಆರ್ಮರರ್‌ಗಳ ಮೇಲೆ ನನಗೆ ಹೊಟ್ಟೆಕಿಚ್ಚು. ನಮ್ಮ ಕೆಲಸಕ್ಕೆ ಇಂಥ ಮರ್ಯಾದೆ ಸಿಕ್ಕಿದ್ದು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಬಿಲ್ಲೆ ತಿರುಪಿನಿಂದ ಬಿಚ್ಚುವಂಥದ್ದು. ಮಾರುವವರು ಚೆಂದದ ಬಿಲ್ಲೆ ತಂದು ಹಾಳು ನಳಿಗೆಗೆ ಜೋಡಿಸಬಹುದು. ಬಿಲ್ಲೆ ಓದಿದ ಮೇಲೂ ನಳಿಗೆಯೊಳಗೆ ದೀಪ ಬಿಟ್ಟು ನೋಡಲಿ.

ಬೋಲ್ಟ್ ಮುಂದಕ್ಕೆ ತಳ್ಳುವಾಗ ಕೊನೆಯಲ್ಲಿ ಬಿಗಿ ಬರುತ್ತದೆ. ಕೆಟ್ಟಿದೆ ಅಂದುಕೊಳ್ಳುವುದು ಬೇಡ, ಮುಚ್ಚುವಾಗ ಸ್ಪ್ರಿಂಗ್ ಬಿಗಿಯುವ ಹಳೇ ಮೌಸರ್ ವಿನ್ಯಾಸ ಅದು. 1898ರ ಜರ್ಮನ್ ಮೌಸರ್‌ಗೆ ಇರುವ ಹೆಚ್ಚಿನ ಸುರಕ್ಷೆ ಇದಕ್ಕಿಲ್ಲ. ಆದ್ದರಿಂದ ಜೋರು ಮದ್ದಿನ ತೋಟಾ ಬೇಡ. ಇನ್ನು ಉದ್ದ. ಇದು 126 ಸೆಂಟಿಮೀಟರ್ ಹತ್ತಿರ ಇರುತ್ತದೆ. ಅಲ್ಲಿನ ಸಣ್ಣ ಫ್ಲ್ಯಾಟಿನ ಕಪಾಟಿಗೆ ಹಿಡಿಯುತ್ತದಾ ಅಂತ ಅಳತೆ ಮಾಡಿಕೊಳ್ಳಲಿ.

ಊರಿಗೆ ತರುವ ಆಸೆ ಬಿಡಲಿ. ಆಮದು ಪರವಾನಗಿ ಇಲ್ಲದೆ ರೈಫಲ್ ತರುವ ಹಾಗಿಲ್ಲ. ಬಿಡಿಭಾಗವೂ ಕಾನೂನಿನ ಕಣ್ಣಲ್ಲಿ ಆಯುಧವೇ. ಬೋಲ್ಟ್ ಒಂದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದರೂ ವಿಮಾನ ನಿಲ್ದಾಣದಲ್ಲೇ ಕೂರಬೇಕಾಗುತ್ತದೆ. ನಿಮಗೂ ಇದೇ ಬೇಕಿತ್ತು ಅನ್ನಿಸುತ್ತದೆ.

ಪ್ರದರ್ಶನವೊಂದರಲ್ಲಿ ಸ್ವೀಡನ್ ಬಯೊನೆಟ್ ಅಂತ ತೋರಿಸಿದರು. ಹಿಡಿಗೆ ಮರವೇ ಇಲ್ಲ, ಪೂರಾ ಕಬ್ಬಿಣದ ಕೊಳವೆ. ನಕಲಿ ಅನ್ನಿಸಿ ಬಿಟ್ಟು ಬಂದೆ. – ಭದ್ರಾವತಿ

ಬಿಟ್ಟು ಬಂದದ್ದು ಒಳ್ಳೆಯದಾಯಿತು, ಆದರೆ ಕಾರಣ ಬೇರೆ. ಎಂ/1896 ಬಯೊನೆಟ್, ಅಂದರೆ ರೈಫಲ್ ಮೂತಿಗೆ ಸಿಕ್ಕಿಸುವ ಚೂರಿ, ಇರುವುದೇ ಹಾಗೆ. ಹಿಡಿ ಟೊಳ್ಳು ಉಕ್ಕಿನ ಕೊಳವೆ. ಅಲಗು ಗಿಡ್ಡ, 21 ಸೆಂಟಿಮೀಟರ್ ಆಸುಪಾಸು. ಒರೆಯೂ ಉಕ್ಕಿನದು. ಅಲಗಿನ ಬುಡದಲ್ಲಿ ‘ಇಜೆ ಎಬಿ’ ಮತ್ತು ಒಂದು ಲಂಗರಿನ ಗುರುತು ಇದ್ದರೆ ಎಸ್ಕಿಲ್‌ಸ್ಟೂನಾದ ಕಬ್ಬಿಣ ಸಾಮಾನಿನ ಕಂಪನಿ ಮಾಡಿದ್ದು. ಒರೆಯ ನಂಬರ್ ಮತ್ತು ಬಯೊನೆಟ್ ನಂಬರ್ ಒಂದೇ ಆಗಿದ್ದರೆ ಇನ್ನೂ ಒಳ್ಳೆಯದು. ಉದ್ದ ಅಲಗಿನದ್ದು ಬೇರೆ, ಅದು ಎಂ/1914. ಅಶ್ವದಳದ ಗಿಡ್ಡ ಕಾರ್ಬೈನ್‌ಗೆ ಮೊದಲು ಬಯೊನೆಟ್ ಇರಲಿಲ್ಲ. ಆಮೇಲೆ ಮೂತಿ ಬದಲಿಸಿ ಹಾಕುವಂತೆ ಮಾಡಿದರು. ಬಂದೂಕು ಗಿಡ್ಡವಾದ ಕಾರಣ ಅಲಗು ಉದ್ದ.

ಬಿಟ್ಟದ್ದು ಒಳ್ಳೆಯದು ಅಂದದ್ದು ಯಾಕೆ ಅಂದರೆ, 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಭರ್ಜಿಗಳ ಜೊತೆ ಬಯೊನೆಟ್ ಹೆಸರೂ ಇದೆ. ಯಾವ ಪ್ರದೇಶದಲ್ಲಿ ಲೈಸೆನ್ಸ್ ಬೇಕು ಅನ್ನುವುದು ಅಧಿಸೂಚನೆಯ ಮೇಲೆ ನಿಂತಿದೆ. ಮೊದಲು ಠಾಣೆಯಲ್ಲಿ ಕೇಳಿ, ರಸೀದಿ ಕೊಡುವವರ ಹತ್ತಿರ ಮಾತ್ರ ಕೊಳ್ಳಿ. ವಿದೇಶದಿಂದ ಕೊರಿಯರ್‌ನಲ್ಲಿ ತರಿಸುವ ಯೋಚನೆ ಬೇಡವೇ ಬೇಡ.

ಮಳೆಗಾಲದಲ್ಲಿ ನಮ್ಮಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಹಿರಿಯರ ಎರಡು ಕತ್ತಿ, ಒಂದು ಬಯೊನೆಟ್, ಲೈಸೆನ್ಸ್ ಇರುವ ಜೋಡಿ ನಳಿಗೆ ಕೋವಿ, ಎಲ್ಲಕ್ಕೂ ತುಕ್ಕು. ಕೊಬ್ಬರಿ ಎಣ್ಣೆ ಹಚ್ಚಿದರೂ ನಿಲ್ಲುತ್ತಿಲ್ಲ. – ಆಗುಂಬೆ

ಕೊಬ್ಬರಿ ಎಣ್ಣೆ ಮೊದಲು ನಿಲ್ಲಿಸಿ. ಅದು ಕಮಟಾಗಿ, ಅಂಟಾಗಿ, ಧೂಳು ಹಿಡಿದು ಕೂರುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಬಟ್ಟೆಯಲ್ಲಿ ಒರೆಸಿ, ಕಂಡೂ ಕಾಣದಷ್ಟು ಉಳಿಯಬೇಕು. ಕೆಲಸಕ್ಕೆ ಬಾರದೆ ಸುಮ್ನೆ ಇಡುವ ವಸ್ತುವಾದರೆ ಎಣ್ಣೆಗಿಂತ ಮೇಣ ಲೇಸು. ಮ್ಯೂಸಿಯಂನವರು ಹಚ್ಚುವ ಮೈಕ್ರೋಕ್ರಿಸ್ಟಲಿನ್ ಮೇಣ ಸಿಗುತ್ತದೆ. ಬೇಸಿಗೆಯಲ್ಲಿ, ಉಕ್ಕು ಪೂರ್ತಿ ಒಣಗಿರುವಾಗ ಹಚ್ಚಿ. ಜೂನ್ ಬಂದ ಮೇಲೆ ಹಚ್ಚಿದರೆ ತೇವವನ್ನು ಒಳಗಿಟ್ಟು ಬಾಗಿಲು ಹಾಕಿದಂತೆ.

ಮುಟ್ಟುವಾಗ ಕೈಗವಸು ಹಾಕಿ. ಬೆವರಿನ ಉಪ್ಪು ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ತರಿಸುತ್ತದೆ. ಸ್ವೀಡನ್ ರೈಫಲ್‌ನ ಬೋಲ್ಟ್ ಬಣ್ಣ ಕಟ್ಟದ ಬಿಳಿ ಉಕ್ಕು, ಅದರಲ್ಲಿ ಇದು ಬೇಗ ಕಾಣುತ್ತದೆ.

ಕತ್ತಿಯನ್ನು ಚರ್ಮದ ಒರೆಯೊಳಗೆ ಇಟ್ಟಿದ್ದೀರಿ ಅಂತ ಬರೆದಿದ್ದೀರಿ. ನಿಮ್ಮ ತುಕ್ಕಿನ ಅರ್ಧ ಪಾಲು ಅದರಿಂದಲೇ. ಚರ್ಮ ತೇವ ಹೀರಿ ಹಿಡಿದಿಡುತ್ತದೆ, ಹದ ಮಾಡಿದ ಆಮ್ಲವೂ ಅದರಲ್ಲಿರುತ್ತದೆ. ಒರೆ ಬೇರೆ, ಅಲಗು ಬೇರೆ ಇಡಿ. ಸ್ಪಂಜು, ಮಖಮಲ್ಲು, ದಿನಪತ್ರಿಕೆ ಯಾವುದರಲ್ಲೂ ಸುತ್ತಬೇಡಿ. ಹೊಸ ಮರದ ಪೆಟ್ಟಿಗೆಯೂ ಬೇಡ, ಮರ ಬಿಡುವ ಆವಿಗೂ ಉಕ್ಕು ಹುಳಿಯುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗೆ ಇರುತ್ತದೆ ನಿಜ, ಆದರೆ ಮಸಿ ಕೂತು ಅದೇ ತೇವ ಹಿಡಿಯುತ್ತದೆ.

ಕಪಾಟಿನಲ್ಲಿ ಸಣ್ಣ ಬಲ್ಬ್ ಉರಿಸಿಡುವ ಹಳೇ ಉಪಾಯ ಒಳ್ಳೆಯದೇ. ಆದರೆ ನಿಮ್ಮಲ್ಲಿ ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರೇ ಬಲ್ಲ. ಗಾಳಿ ಆಡದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಜೊತೆಗೆ ತೇವಮಾಪಕ. ಮುಳ್ಳು ಶೇಕಡಾ 50ಕ್ಕಿಂತ ಕೆಳಗಿರಲಿ. ನೀಲಿ ಹರಳು ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ದೋಸೆ ಹಂಚಿನಲ್ಲಿ ಹುರಿಯಬೇಡಿ, ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ಲೈಸೆನ್ಸ್ ಇರುವ ಕೋವಿಗೆ ಮಾತ್ರ ಬೀಗದ ವ್ಯವಸ್ಥೆ ಬೇರೆ ಇರಲೇಬೇಕು.

ಈಗಾಗಲೇ ಬಂದ ಕೆಂಪು ತುಕ್ಕಿಗೆ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಹಳೇ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲಗೆ ಎಬ್ಬಿಸಿ. ಮರಳು ಕಾಗದ ಬೇಡ. ಕಪ್ಪಾಗಿ ನಿಂತ ಹಳೇ ಬಣ್ಣ ಇರಲಿ, ಅದು ಕೊಳೆ ಅಲ್ಲ. ಹಿತ್ತಾಳೆ ಭಾಗಕ್ಕೆ ಹುಣಸೆಹಣ್ಣು ಉಜ್ಜಬೇಡಿ. ದೇವರ ದೀಪದ ಹಾಗೆ ಹೊಳೆಯುತ್ತದೆ, ಆದರೆ ತಿಕ್ಕಿ ತಿಕ್ಕಿ ಅಂಕಿ ಅಳಿಸಿಹೋಗುತ್ತದೆ. ಮರಕ್ಕೆ ಅಗಸೆ ಎಣ್ಣೆ, ಒಂದೆರಡು ಹನಿ ಕೈಯಲ್ಲೇ ತಿಕ್ಕಿ. ಸ್ವೀಡನ್ನಿನವರೂ ಅದನ್ನೇ ಹಚ್ಚುತ್ತಿದ್ದರು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿಗೆ ಹಾಕಿ.

ನಾನು ಕಾಲೇಜು ವಿದ್ಯಾರ್ಥಿ. ಶಿವಮೊಗ್ಗದಲ್ಲಿ ಹಳೇ ಆಯುಧ ನೋಡಲು ಎಲ್ಲಿ ಸಿಗುತ್ತದೆ? – ರಿಪ್ಪನ್‌ಪೇಟೆ

ಶಿವಪ್ಪನಾಯಕನ ಅರಮನೆಯ ಮ್ಯೂಸಿಯಂಗೆ ಹೋಗಿ, ಕೆಳದಿಗೂ ಹೋಗಿ. 2018ರಲ್ಲಿ ನಿಮ್ಮ ತಾಲ್ಲೂಕಿನದೇ ‘ನಗರ’ ಅನ್ನುವ ಊರಿನ ಪಾಳು ಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಮಿಕ್ಕಿ ರಾಕೆಟ್ ಸಿಕ್ಕಿದವಲ್ಲ, ಅವನ್ನು ಶಿವಮೊಗ್ಗಕ್ಕೇ ತಂದರು. ಆ ಕಬ್ಬಿಣದ ಕೊಳವೆಗಳ ಬಗ್ಗೆ ಕೇಳಿ ತಿಳಿದುಕೊಂಡ ಮೇಲೆ ಸ್ವೀಡನ್ ಬಗ್ಗೆ ಮತ್ತೆ ಬರೆಯಿರಿ.

ಅಜ್ಜನ ಬಯೊನೆಟ್‌ನಲ್ಲಿ ಅಪ್ಪ ಕಾಯಿ ಸುಲಿಯುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. – ತೀರ್ಥಹಳ್ಳಿ

ಸಂತೆಯಿಂದ ಒಳ್ಳೇ ಕಾಯಿ ಸುಲಿಯುವ ಚಿಮಟ ತಂದುಕೊಡಿ. ಬಯೊನೆಟ್ ಎಲ್ಲಿಟ್ಟಿರಿ ಅಂತ ಹೇಳಬೇಡಿ.